ಬೋರಾಜಿಯ ಊದುಬತ್ತಿ

ಈ ಕತೆ ನನಗೆ ಮೊದಲು ಹೇಳಿದ್ದು ನಮ್ಮ ಬೀದಿಯಲ್ಲಿ ಊದುಬತ್ತಿ ಹೊಸೆಯುತ್ತಿದ್ದ ಕೆಂಪರಾಜಮ್ಮ. ಹೇಳುವಾಗೆಲ್ಲ ಆಕೆಗೆ ಸಿಟ್ಟು ಬರುತ್ತಿತ್ತು. ಈಗ ನನಗೂ ಬರುತ್ತದೆ.

ಬಹಳ ಹಿಂದೆ ಮೇಘಪುರವೆಂಬ ರಾಜ್ಯವಿತ್ತು. ಅಲ್ಲಿನ ಊದುಬತ್ತಿ ಹಚ್ಚಿದರೆ ಹುಲಿಯೂ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂರುತ್ತಿತ್ತು. ಹೊಸೆಯುವವಳು ಬೋರಾಜಿ, ಹೆಸರು ಮಾತ್ರ ಮಾಂತ್ರಿಕ ಕಾಳಧೂಮನದು. "ಪರಿಮಳ ನನ್ನ ಮಂತ್ರದ್ದು, ಅವಳದು ಬರೀ ಅಂಗೈ" ಎಂದು ಅವನು ರಾಜನಿಗೆ ಹೇಳಿದ್ದ. ರಾಜ ತಲೆಯಾಡಿಸಿದ್ದ. ತಲೆಯಾಡಿಸಲು ಖರ್ಚೇನು?

ಒಂದು ದಿನ ಬೋರಾಜಿ ತುಂಬಿದ ಸಭೆಯಲ್ಲೇ "ಸುಳ್ಳು!" ಎಂದಳು. ಕಾಳಧೂಮ ಅವಳನ್ನು ಪುನುಗುಬೆಕ್ಕು ಮಾಡಿ ಪಂಜರಕ್ಕೆ ತಳ್ಳಿದ.

ಮಗಳು ಹೊನ್ನಾಜಿ ಓಡಿ ಬಂದಳು. "ನಮ್ಮವ್ವನ್ನ ಬಿಡು!"

"ಮೂರು ಮೃಗ ಕಾವಲಿವೆ. ನಿನ್ನ ಬತ್ತಿಯಿಂದ ಮೂರನ್ನೂ ಮಲಗಿಸು. ಸೋತರೆ ಪಕ್ಕದ ಪಂಜರ ನಿನ್ನದು" ಎಂದ ಕಾಳಧೂಮ.

ಹೊನ್ನಾಜಿ ಗಂಧದ ಪುಡಿಗೆ ಮರದ ಅಂಟು ಹಾಲುಮಡ್ಡಿ ಬೆರೆಸಿ ನಾದಿದಳು. ಉಸಿರೆಳೆದಾಗ ಅಂಗೈ ಮುಂದಕ್ಕೆ, ಬಿಟ್ಟಾಗ ಹಿಂದಕ್ಕೆ. ಮನಸ್ಸು ಆಚೀಚೆ ಹೋದರೆ ಬತ್ತಿ ಗಂಟಾಗುತ್ತದೆ. ಹೊಸೆದದ್ದನ್ನು ನೆರಳಲ್ಲಿ ಆರಿಸಿದಳು. ಮೊದಲ ಬತ್ತಿಗೆ ಕಬ್ಬಿಣದ ಕರಡಿ ಮಲಗಿತು. ಎರಡನೆಯದಕ್ಕೆ ಎರಡು ತಲೆಯ ಹಾವು, ಎರಡೂ ತಲೆ ಆಕಳಿಸಿ ಮಲಗಿತು.

ಸುದ್ದಿ ಕೇಳಿ ರಾಜನೇ ನೋಡಲು ಹೊರಟ. ಕಾಳಧೂಮ ಲೆಕ್ಕ ಹಾಕಿದ. ಈ ಹುಡುಗಿ ಮೂರನೆಯ ಮೃಗ ಹುಲಿಯನ್ನೂ ಮಲಗಿಸಿದರೆ ತನ್ನ ಮಂತ್ರದ ಗತಿಯೇನು? ರಾಜನೆದುರು ತಾನೇ ಹಚ್ಚುವ ಹಟದಲ್ಲಿ ಅವಳ ಮೂರನೆಯ ಹಸಿ ಬತ್ತಿ ಕಿತ್ತುಕೊಂಡು, ಬೇಗ ಒಣಗಲೆಂದು ಉರಿಬಿಸಿಲಿಗೆ ಇಟ್ಟ.

"ಅಯ್ಯೋ, ಬಿಸಿಲಿಗಿಟ್ರೆ ಪರಿಮಳ ಓಡಿಹೋಗುತ್ತೆ ಕಣಯ್ಯ!"

"ಹೊಸೆಯೋಳು ನನಗೆ ಪಾಠ ಹೇಳ್ತೀಯಾ? ಮುಚ್ಚು ಬಾಯಿ!"

ರಾಜ ಬಂದ. ಕಾಳಧೂಮ ಬೆಂಕಿಗಣ್ಣಿನ ಹುಲಿಯೆದುರು ಗತ್ತಿನಲ್ಲಿ ಬತ್ತಿ ಹಚ್ಚಿದ. ಸುಟ್ಟ ಕಂಬಳಿಯ ವಾಸನೆ ಎದ್ದಿತು. ಮಂತ್ರ ಹೇಳಿದ. ಕಿರುಚಿ ಹೇಳಿದ. ಬೇಡಿಕೊಂಡು ಹೇಳಿದ. ಹುಲಿ ಸೀನಿತು, ಅವನನ್ನು ಒಂದೇ ತುತ್ತಿಗೆ ನುಂಗಿತು, ಹೊಗೆಯಾಗಿ ಕರಗಿತು.

ಮಾಟ ಮುರಿಯಿತು. ಪಂಜರದಿಂದ ಬೋರಾಜಿ ಸೆರಗು ಕೊಡವುತ್ತ ಹೊರಬಂದು ಮಗಳನ್ನು ಅಪ್ಪಿಕೊಂಡಳು.

"ನಮಗೆ ಗೊತ್ತೇ ಆಗಲಿಲ್ಲ ತಾಯಿ" ಎಂದ ರಾಜ.

"ಮತ್ತೆ ಇಷ್ಟು ದಿನ ಮೂಗಿಟ್ಕೊಂಡು ಏನ್ ಮಾಡ್ತಿದ್ರಿ, ಬುದ್ಧಿ?"

ರಾಜ ತಲೆ ತಗ್ಗಿಸಿದ. ಆಮೇಲೆ ಮೇಘಪುರದಲ್ಲಿ ಅದನ್ನು ಬೋರಾಜಿಯ ಬತ್ತಿ ಎಂದೇ ಕರೆದರು. ತಾಯಿ ಮಗಳು ಸುಖವಾಗಿದ್ದರು, ಊರೂ ಸುಖವಾಗಿತ್ತು.

ಕೇಳಿದಿರಲ್ಲ, ಇನ್ನೊಬ್ಬರಿಗೆ ದಾಟಿಸಿ. ಮಾಂತ್ರಿಕನ ಹೆಸರು ಮರೆತರೂ ಪರವಾಗಿಲ್ಲ.