ಪಕ್ಕದ ಸೀಟಿನ ಬನಿಯನ್

ನನ್ನ ತಲೆಯ ಮೇಲೆ ಎರಡು ಟನ್ ಜರ್ಮನ್ ಕಾರು!

ಅದನ್ನು ಎತ್ತಿ ಹಿಡಿದಿದ್ದದ್ದು ಹೆಗ್ಗನಹಳ್ಳಿಯ ಶೆಡ್ಡಿನ ಒಂದು ಹಳೇ ರ‍್ಯಾಂಪ್ ಲಿಫ್ಟ್. ಲಿಫ್ಟಿನ ಲಿವರ್ ಹಿಡಿದಿದ್ದವನು ಪಂಚಾಕ್ಷರಿ, ಕಾರು ಮಾರುವ ಬ್ರೋಕರ್.

"ಗಾಡಿ ಓಕೆ ಅಂತ ಫೋನ್ ಮಾಡಿ ಹೇಳ್ಬಿಡಿ ಶಿವರಂಜನಿ ಮೇಡಂ... ಇಲ್ಲಾಂದ್ರೆ ಇಳಿಸ್ತೀನಿ!"

"ಇಳಿಸು. ನಂಗೂ ಕತ್ತು ನೋಯ್ತಾ ಇದೆ."

ಕೇಳಿ, ನನ್ನ ಕೆಲಸವೇ ಇದು. ಮೊದಲು ಇನ್ಶೂರೆನ್ಸ್ ಸರ್ವೇಯರ್ ಆಗಿದ್ದೆ. ಈಗ ಸೆಕೆಂಡ್ ಹ್ಯಾಂಡ್ ಕಾರುಗಳ ಜಾತಕ ನೋಡುತ್ತೇನೆ. ಮಾರುವವರ ಮುಖ ಮಾತ್ರ ನೋಡುವುದಿಲ್ಲ. ವಾಕರಿಕೆ ಬರುತ್ತದೆ.

ಈ ಸಲದ ಗಿರಾಕಿ ಅನ್ನಪೂರ್ಣೇಶ್ವರಿ ನಗರದ ರೇವಣಸಿದ್ದಪ್ಪನವರು, ನಿವೃತ್ತ ಎಂಜಿನಿಯರ್. ಒಬ್ಬಳೇ ಮಗಳು ಸೌಂದರ್ಯಾ. ಇವತ್ತೇ ಅವಳ ನಿಶ್ಚಿತಾರ್ಥ. ಗಂಡಿನ ಕಡೆಯವರು ಏನೂ ಕೇಳಿಲ್ಲವಂತೆ... ಪಾಪ! "ಹುಡುಗಿ ಓಡಾಡೋಕೆ ಒಂದು ಇಂಪೋರ್ಟೆಡ್ ಗಾಡಿ ಇದ್ರೆ ಚೆಂದ" ಅಂದರಂತೆ, ಅಷ್ಟೇ. ಬ್ರೋಕರನ್ನೂ ಅವರೇ ತೋರಿಸಿದರಂತೆ. ದುಡ್ಡು ಕೊಡುವ ಮುಂಚೆ ಇವರು ಗುಟ್ಟಾಗಿ ನನ್ನನ್ನು ಕಳಿಸಿದ್ದರು. ಇಡೀ ಸಂಬಂಧದಲ್ಲಿ ಆದ ಬುದ್ಧಿವಂತಿಕೆಯ ಕೆಲಸ ಅದೊಂದೇ.

ಪಂಚಾಕ್ಷರಿ ಹೇಳಿದ ಕತೆ ಕೇಳಿ. ಲಂಡನ್ನಿನ ಒಬ್ಬ ಬಿಳಿ ಮುದುಕಿ ಚರ್ಚಿಗೆ ಹೋಗಿಬರಲು ಮಾತ್ರ ಓಡಿಸಿದ್ದ ಗಾಡಿ. ಹಡಗಿನಿಂದ ಇಳಿದು ಎರಡೇ ತಿಂಗಳು. ಮೀಟರಿನಲ್ಲಿ ಇಪ್ಪತ್ತು ಸಾವಿರ ಕಿಲೋಮೀಟರ್.

ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಚುಚ್ಚಿದೆ. ಮೀಟರ್ ತಿರುಗಿಸಿದ ಪುಣ್ಯಾತ್ಮ ಗೇರ್‌ಬಾಕ್ಸಿನ ಕಂಪ್ಯೂಟರನ್ನು ಮರೆತಿದ್ದ. ಅದರ ಲೆಕ್ಕ ಒಂದೂವರೆ ಲಕ್ಷ ದಾಟಿತ್ತು!

ಎಂಜಿನ್ನಿನ ಮೇಲಿನ ಕವರ್ ಬಿಚ್ಚಿದೆ.

ಮೂರು ಪಟ್ಟೆ ವಿಭೂತಿ! ನಡುವೆ ಕುಂಕುಮ! ಸಂದಿಯಲ್ಲಿ ಒಣಗಿದ ಚೆಂಡುಹೂವು! ಎಷ್ಟೋ ವರ್ಷದ ಆಯುಧಪೂಜೆ ಪದರ ಪದರವಾಗಿ ಗಟ್ಟಿಯಾಗಿತ್ತು.

ಲಂಡನ್ ಮುದುಕಿ ಭಾರೀ ಶಿವಭಕ್ತೆ!

ಗಾಡಿಯನ್ನು ಇಂಚಿಂಚೂ ತೊಳೆದಿದ್ದರು. ಇದೊಂದನ್ನು ಮುಟ್ಟಿರಲಿಲ್ಲ. ಮೀಟರ್ ತಿರುಗಿಸುವಾಗ ನಡುಗದ ಕೈ ವಿಭೂತಿ ಒರೆಸುವಾಗ ನಡುಗಿತ್ತು. ಥೂ... ಎಂಥಾ ಭಕ್ತಿ!

ಆಮೇಲೆ ಡ್ಯಾಶ್‌ಬೋರ್ಡ್ ಬಿಚ್ಚಿದೆ. ಗಾಡಿ ಎಲ್ಲೋ ಜೋರಾಗಿ ಗುದ್ದಿ ಎರಡೂ ಏರ್‌ಬ್ಯಾಗ್ ಒಡೆದಿದ್ದವು. ಸ್ಟಿಯರಿಂಗಿಗೆ ಹೊಸದು ಹಾಕಿಸಿದ್ದರು. ಪಕ್ಕದ ಸೀಟಿನ ಎದುರು, ಏರ್‌ಬ್ಯಾಗ್ ಇರಬೇಕಾದ ಜಾಗದಲ್ಲಿ...

ಹಳೇ ಬನಿಯನ್ ತುರುಕಿದ್ದರು!

ಅಡಿಭಾಗವನ್ನೂ ನೋಡೋಣ ಅಂತ ಲಿಫ್ಟಿನ ಕೆಳಗೆ ಹೋದಾಗಲೇ ಪಂಚಾಕ್ಷರಿ ಲಿವರ್ ಹಿಡಿದದ್ದು.

"ಯಾರ ಗಾಡಿನೋ ಇದು?" ಕೆಳಗಿನಿಂದಲೇ ಕೇಳಿದೆ.

"ಗಿರಿರಾಜಣ್ಣಂದು ಕಣ್ರೀ! ಮದುವೆ ಗಂಡಂದೇ! ಅವರ ಗಾಡಿ ವಾಪಸ್ ಅವರ ಮನೆಗೇ ಹೋಗುತ್ತೆ. ನಡುವೆ ಮಾವ ಒಂದಿಷ್ಟು ದುಡ್ಡು ಕೊಡ್ತಾರೆ. ಇದ್ರಲ್ಲಿ ಯಾರಿಗೆ ಲಾಸು, ಹೇಳಿ?"

"ಪಕ್ಕದ ಸೀಟಲ್ಲಿ ಕೂರೋಳಿಗೆ."

"ಹುಷಾರಾಗಿ ಓಡಿಸ್ತಾರೆ ಬಿಡಿ!"

ಲಿವರ್ ಎಳೆದ. ಲಿಫ್ಟ್ ಗೊರಗೊರ ಅನ್ನುತ್ತಾ ಇಳಿಯಿತು. ಬಗ್ಗಿ ಪಕ್ಕಕ್ಕೆ ಜಿಗಿದೆ. ಕಾರು ಪೂರ್ತಿ ನೆಲಕ್ಕೆ ಬಂತು. ಅವನು ಸ್ಪ್ಯಾನರ್ ಎತ್ತಿಕೊಂಡು ಬಂದ. ಅಡಿಭಾಗದ ಕೊಳೆ ತೆಗೆದು ನೋಡಲು ತಂದಿದ್ದ ಬ್ರೇಕ್ ತೊಳೆಯುವ ಸ್ಪ್ರೇ ನನ್ನ ಕೈಯಲ್ಲಿತ್ತು... ಮುಖಕ್ಕೆ ಹೊಡೆದೆ!

"ಅಯ್ಯಯ್ಯೋ, ಕಣ್ಣು! ಹಿಡ್ಕೊಳ್ರೋ ಅವಳ್ನ!"

ಹೆದರಿಸಲು ಹೋಗಿ ಗಾಡಿಯನ್ನು ನನ್ನ ಕೈಗೇ ಇಳಿಸಿಕೊಟ್ಟಿದ್ದ, ದಡ್ಡ! ಕೀ ಒಳಗೇ ಇತ್ತು. ರಿವರ್ಸ್!

ಅವನ ಕಡೆಯ ಇಬ್ಬರು ಬೈಕಿನಲ್ಲಿ ಹಿಂದೆ ಬಿದ್ದರು. ಸುಂಕದಕಟ್ಟೆ, ಮಾಗಡಿ ರಸ್ತೆ... ಅಲ್ಲಿ ಚೇಸ್ ಮಾಡಲು ದೇವರಿಂದಲೂ ಆಗದು. ಬಸ್ಸು, ನೀರಿನ ಟ್ಯಾಂಕರ್, ಆಟೋ, ನಾನು, ಅವರು... ಎಲ್ಲರೂ ನಿಂತೆವು. ಬೈಕಿನವನು ಕಿಟಕಿ ಬಡಿದ.

"ಏಯ್, ಇಳೀರಿ ಕೆಳಗೆ!"

"ಸಿಗ್ನಲ್ ಬಿಡ್ಲಿ, ತಡ್ಕೊಳೋ! ಹೆಲ್ಮೆಟ್ ಎಲ್ಲೋ ನಿಂದು? ಮುಂದೆ ಪೊಲೀಸ್ ನಿಂತಿದಾನೆ."

ಮುಂದೆ ನೋಡಿದ. ಬೈಕ್ ತಿರುಗಿಸಿಕೊಂಡು ಹೊರಟೇಹೋದ. ಇಂಥವರನ್ನು ರೌಡಿಗಳು ಅಂತ ಸಾಕುತ್ತಾರೆ!

ರೇವಣಸಿದ್ದಪ್ಪನವರ ಮನೆ ಮುಂದೆ ಶಾಮಿಯಾನ. ಗಿರಿರಾಜ್ ರೇಷ್ಮೆ ಶಲ್ಯ ಹೊದ್ದು ಕೂತಿದ್ದ. ಪಕ್ಕದಲ್ಲಿ ಅವನಪ್ಪ ವಿಶ್ವಾರಾಧ್ಯ. ಎಲ್ಲರ ಎದುರೇ ಎಲ್ಲವನ್ನೂ ಹೇಳಿದೆ. ಬನಿಯನ್ ಎಳೆದು ಎತ್ತಿ ಹಿಡಿದೆ.

ರೇವಣಸಿದ್ದಪ್ಪನವರು ಬೆವರಿದರು. "ಮೇಡಂ, ಮೆಲ್ಲಗೆ... ಜನ ಕೂತಿದಾರೆ. ಗಾಡಿ ರಿಪೇರಿ ಮಾಡಿಸ್ಕೊಂಡ್ರಾಯ್ತು..."

ಮಗಳ ಜೀವಕ್ಕಿಂತ ಬಂದ ನೆಂಟರ ಮುಖ ದೊಡ್ಡದು!

ಸೌಂದರ್ಯಾ ಎದ್ದು ಬಂದಳು. ನನ್ನ ಕೈಯಿಂದ ಕೀ ತೆಗೆದುಕೊಂಡು ಸ್ಟಿಯರಿಂಗಿನ ಹಿಂದೆ ಕೂತಳು.

"ಗಿರಿ, ಬನ್ನಿ. ಪಕ್ಕದಲ್ಲಿ ಕೂತ್ಕೊಳ್ಳಿ. ನೈಸ್ ರೋಡಲ್ಲಿ ಒಂದು ರೌಂಡ್ ಹೋಗೋಣ. ಜೋರಾಗಿ ಓಡಿಸ್ತೀನಿ."

"ಅದು... ನಾನೇ ಓಡಿಸ್ತೀನಿ ಸೌಂದರ್ಯಾ."

"ಬೇಡ. ನೀವು ಈ ಕಡೆ."

ಗಿರಿರಾಜ್ ಕಾರಿನ ಬಾಗಿಲ ತನಕ ಬಂದ. ಸೀಟು ನೋಡಿದ... ಅಪ್ಪನ ಮುಖ ನೋಡಿದ. ಅಲ್ಲೇ ನಿಂತುಬಿಟ್ಟ.

ಅವಳು ಇಳಿದು ಕೀಯನ್ನು ಅವನ ಶಲ್ಯದ ಮೇಲೆ ಎಸೆದಳು.

"ಅಪ್ಪಾ, ಶಾಮಿಯಾನ ಬಿಚ್ಚಿಸಿ."

ವಿಶ್ವಾರಾಧ್ಯ ಕೆಮ್ಮಿ ಮುಂದೆ ಬಂದ.

"ಹೋಗ್ಲಿ ಬಿಡಿ ಬೀಗ್ರೇ, ಮದುವೆ ಆದ್ರೂ ಆಯ್ತು, ಇಲ್ದಿದ್ರೂ ಆಯ್ತು... ಗಾಡಿಗೆ ಒಂದು ಲಾಸ್ಟ್ ರೇಟ್ ಹೇಳಿ!"

"ಗುಜರಿಯವನನ್ನ ಕರೀಲಾ ಸಾರ್?" ಅಂದೆ. "ನಿಮ್ಮನ್ನೂ ನಿಮ್ಮ ಮಗನನ್ನೂ ಸೇರಿಸಿ ತೂಕಕ್ಕೆ ಹಾಕ್ಕೋತಾನೆ!"