ಟ್ರಂಕಿನಂಗಡಿಯ ಡೆಬಿಟ್ ಬಾಕಿ

"ಸಂಜೆಯೊಳಗೆ ನನ್ನ ತಮ್ಮನ್ನ ಪೊಲೀಸಿಗೆ ಒಪ್ಪಿಸ್ತಾರಮ್ಮ. ಒಪ್ಪಿಸೋರು ಬೇರೆ ಯಾರೂ ಅಲ್ಲ, ನಮ್ಮ ಯಜಮಾನರೇ!"

ಬುರ್ಖಾದ ಮುಸುಕು ಸರಿಸಿ ಇಷ್ಟು ಹೇಳಿ ಮೆಹರುನ್ನೀಸಾ ಏದುಸಿರು ಬಿಡುತ್ತ ಕೂತಳು. ನೀರು ತರಲೆಂದು ಎದ್ದ ಕೋಕಿಲಾ ಅಲ್ಲೇ ನಿಂತಳು. ರಂಜಾನ್ ತಿಂಗಳು, ನೀರು ತಂದರೂ ಆಕೆ ಮುಟ್ಟುವಂತಿರಲಿಲ್ಲ.

ಕೋಕಿಲಾಳ ಅತ್ತಿಗೆ ಅನಸೂಯ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. ವಿಮಾ ಕಂಪನಿಯಲ್ಲಿದ್ದಾಗ ಸುಳ್ಳು ಕ್ಲೇಮುಗಳನ್ನು ಹಿಡಿದು ಹೆಸರು ಮಾಡಿದ್ದಾಕೆ. ಕೆಲಸ ಬಿಟ್ಟ ಮೇಲೂ ಹಲಸೂರಿನ ಆ ಮನೆಯ ಬಾಗಿಲಿಗೆ ತೊಡಕು ಹೊತ್ತು ಬರುವವರು ನಿಂತಿರಲಿಲ್ಲ.

"ಏನು ಕದ್ದ ಅಂತ ಆರೋಪ?"

"ನಾಲ್ಕು ಸಾವಿರ. ಕೆ.ಆರ್. ಪುರದ ತಗಡಿನ ವ್ಯಾಪಾರಿ ಮುನಿರಾಜಪ್ಪನವರಿಗೆ ಕೊಟ್ಟು ಬಾ ಅಂತ ವಾಜಿದ್ ಕೈಲಿ ಕಳಿಸಿದ್ರು. ಇವನು ಕೈಗೇ ಕೊಟ್ಟೆ ಅಂತಾನೆ. ಅವರು ಬಂದೇ ಇಲ್ಲ ಅಂತಾರೆ. ಈದ್ ಆದ ಮೇಲೆ ಇವನ ಮದುವೆ. ಜೈಲಿಗೆ ಹೋದ ಹುಡುಗನಿಗೆ ಯಾರು ಹೆಣ್ಣು ಕೊಡ್ತಾರೆ?"

ಅನಸೂಯ ಬತ್ತಿಯ ಬಟ್ಟಲು ಬದಿಗಿಟ್ಟಳು. "ಕೋಕಿಲಾ, ಚಪ್ಪಲಿ ಹಾಕ್ಕೋ."

ಮೆಹರುನ್ನೀಸಾ ಅವರನ್ನು ಕರೆತಂದ ಶಿವಾಜಿನಗರದ ಅಂಗಡಿಯಲ್ಲಿ ಕಬ್ಬಿಣದ ಟ್ರಂಕುಗಳು ಸೂರಿನವರೆಗೂ ಏರಿದ್ದವು. ಅವುಗಳ ನಡುವೆ ಗಲ್ಲಾದ ಮೇಲೆ ಅವಳ ಗಂಡ ರಹೀಂ ಸಾಹೇಬರು ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಮೂಲೆಯಲ್ಲಿ ವಾಜಿದ್, ಇಪ್ಪತ್ತೆರಡರ ತೆಳ್ಳನೆಯ ಯುವಕ, ಗೋಡೆಗೆ ಅಂಟಿಕೊಂಡಂತಿದ್ದ.

"ರಸೀತಿ ಯಾಕೆ ತರಲಿಲ್ಲಪ್ಪ?" ಅನಸೂಯ ಕೇಳಿದಳು.

"ರೆವಿನ್ಯೂ ಸ್ಟಾಂಪು ಮುಗಿದಿದೆ, ಲೋಡಿನ ಜೊತೆ ರಸೀತಿ ಕಳಿಸ್ತೀನಿ ಅಂದ್ರು ಮೇಡಂ. ಯಾವಾಗಲೂ ಹಾಗೇ ನಡೀತಿತ್ತು. ನಂಬಿ ಬಂದ್ಬಿಟ್ಟೆ."

"ನಂಬಿದ್ನಂತೆ!" ರಹೀಂ ಗುಡುಗಿದರು. "ನಾನೂ ನಿನ್ನ ನಂಬಿದ್ದೆ ಕಣೋ!"

ಅನಸೂಯ ಅದನ್ನು ಕೇಳಿಸಿಕೊಳ್ಳದವಳಂತೆ ಗಲ್ಲಾದ ಮೇಲಿದ್ದ ಹಾಳೆಯನ್ನು ಎತ್ತಿಕೊಂಡಳು. ಲೆಕ್ಕ ಬರೆಯುವ ವೆಂಕಟಾಚಲ ತಿರುಪತಿಗೆ ಹೊರಡುವ ಮುಂಚೆ ಬರೆದಿಟ್ಟ ಬಾಕಿಗಳ ತಃಖ್ತೆ ಅದು. ‘ಮುನಿರಾಜಪ್ಪ, ಡೆಬಿಟ್ ಬಾಕಿ, ೩,೭೪೦’ ಎಂದಿತ್ತು.

"ಡೆಬಿಟ್ ಬಾಕಿ ಅಂದ್ರೆ ಏನು ಅಂದ್ಕೊಂಡ್ರಿ ಸಾಹೇಬ್ರೆ?"

"ನಾನು ಕೊಡಬೇಕಾದ್ದು. ಹೋದ ವರ್ಷ ಬ್ಯಾಂಕಿನೋರು ಬರೆದಿದ್ರಲ್ಲ, ‘ನಿಮ್ಮ ಖಾತೇಲಿ ಡೆಬಿಟ್ ಬಾಕಿ ಇದೆ, ಬೇಗ ಕಟ್ಟಿ’ ಅಂತ. ಬಡ್ಡಿ ಸಮೇತ ಕಟ್ಟಿ ಕಲಿತಿದೀನಿ."

"ತಃಖ್ತೇಲಿ ಇರೋದು ಮೂರು ಸಾವಿರದ ಏಳುನೂರ ನಲವತ್ತು. ನಾಲ್ಕು ಸಾವಿರ ಯಾಕೆ ಕಳಿಸಿದ್ರಿ?"

"ಜಕಾತ್ ದಾನದ ಲೆಕ್ಕ ಹಾಕೋ ಮೊದಲು ಸಾಲ ತೀರಬೇಕು ತಾಯಿ. ತಗಡಿನ ಬೆಲೆ ಬೇರೆ ಏರ್ತಿದೆ. ಮೇಲಿಂದು ಮುಂದಿನ ಲೋಡಿಗೆ ಇರಲಿ ಅಂತ ತುಂಬಿಸಿ ಕಳಿಸಿದೆ."

"ಆ ಮೊತ್ತ ಯಾರಿಗೆ ಹೇಳಿದ್ರಿ?"

"ಇವಳಿಗೆ, ಇವನಿಗೆ. ಮುನಿರಾಜಪ್ಪನಿಗೆ ಫೋನಲ್ಲಿ ‘ನಿಮ್ಮ ಹಣ ತಲುಪ್ತಾ’ ಅಂತಷ್ಟೇ ಕೇಳಿದ್ದು."

"ಬಾಕಿ ಚುಕ್ತಾ ಮಾಡ್ತೀನಿ ಬನ್ನಿ ಅಂತ ಅವರನ್ನ ಈಗಲೇ ಕರೆಸಿ," ಎಂದಳು ಅನಸೂಯ.

ಅಷ್ಟರಲ್ಲಿ ವೆಂಕಟಾಚಲ ನುಣ್ಣನೆಯ ಬೋಳುತಲೆ ಹೊತ್ತು, ಲಡ್ಡು ಪ್ರಸಾದದ ಪೊಟ್ಟಣದೊಂದಿಗೆ ನಗುತ್ತ ಒಳಗೆ ಬಂದ. ರಹೀಮರ ಕಣ್ಣು ಕೆಂಪಾಯಿತು. "ಬಂದ್ರಾ? ನೀವೂ ಇವನೂ ಸೇರ್ಕೊಂಡು ಮಾಡಿದ್ರೋ ಏನೋ!" ವೆಂಕಟಾಚಲನ ನಗು ಹಾರಿಹೋಯಿತು. ಅನಸೂಯ ಅವನನ್ನು ಟ್ರಂಕುಗಳ ಮರೆಗೆ ಕರೆದೊಯ್ದು ಏನೋ ಕೇಳಿದಳು. ಅವನು ಬಾಯಿ ತೆರೆದ. "ನಾನು ಹೇಳೋವರೆಗೂ ಮುಚ್ಕೊಂಡಿರಿ," ಎಂದಳು.

ಹೊರಗೆ ಬಿಸಿಲು ಹಳದಿಗೆ ತಿರುಗಿತ್ತು. ಮುನಿರಾಜಪ್ಪ ಬಂದವನೇ ವಾಜಿದನ ಕಡೆ ಹುಬ್ಬು ಹಾರಿಸಿದ. "ಏನಪ್ಪ ಮದುಮಗ, ನನ್ನ ದುಡ್ಡಲ್ಲಿ ಶೇರ್ವಾನಿ ಹೊಲಿಸಿದ್ಯಾ?"

ವಾಜಿದನ ಮುಷ್ಟಿ ಬಿಗಿಯಿತು. ಅಕ್ಕ ಅವನ ತೋಳು ಹಿಡಿದಳು.

"ಆ ಮಾತು ಬಿಡಿ ಯಜಮಾನ್ರೆ," ಅನಸೂಯ ಮೆಲ್ಲಗೆ ಹೇಳಿದಳು. "ಹುಡುಗನ ವಿಚಾರ ಪೊಲೀಸರು ನೋಡ್ಕೋತಾರೆ. ನಿಮಗೆ ಬರಬೇಕಾದ ಬಾಕಿ ಎಷ್ಟು ಅಂತ ಬರೆದು ಸಹಿ ಮಾಡಿ, ತಗೊಂಡು ಹೋಗಿ." ಗಲ್ಲಾದ ಮೇಲೆ ಸ್ಟಾಂಪನ್ನೂ ತಂದಿಟ್ಟಳು.

ಮೆಹರುನ್ನೀಸಾ "ಅಮ್ಮಾ!" ಎಂದು ಚೀರಿದಳು. ಕೋಕಿಲಾ ಅತ್ತಿಗೆಯ ಮುಖ ನೋಡಿದಳು. ನಂಬಿ ಬಂದ ಹೆಂಗಸಿಗೆ ಅತ್ತಿಗೆ ಹೀಗೂ ಮಾಡಬಹುದೇ? ಮುನಿರಾಜಪ್ಪನ ಪೆನ್ನು ಮಾತ್ರ ಸರಸರ ಓಡಿತು. ಸ್ಟಾಂಪಿನ ಮೇಲೆ ಸಹಿ ಬಿತ್ತು.

ಅನಸೂಯ ಹಾಳೆ ಎತ್ತಿ ಓದಿದಳು. "‘ರಹೀಂ ಸಾಹೇಬರಿಂದ ಬರಬೇಕಾಗಿದ್ದ ಬಾಕಿ ನಾಲ್ಕು ಸಾವಿರ ರೂಪಾಯಿ ಸಂದಿದೆ.’ ವೆಂಕಟಾಚಲ, ಈಗ ಬಾಯಿ ಬಿಡಿ. ಇವರಿಗೆ ನಾವೆಷ್ಟು ಕೊಡಬೇಕು?"

"ಒಂದು ಕಾಸೂ ಇಲ್ಲ! ಮಳೆಗಾಲದಲ್ಲಿ ತುಕ್ಕು ತಗಡು ವಾಪಸ್ ಕಳಿಸಿದ್ವಿ. ಅದರ ದುಡ್ಡು ಮೊದಲೇ ಚೆಕ್ಕಲ್ಲಿ ಹೋಗಿತ್ತು. ಅವರೇ ನಮಗೆ ಮೂರು ಸಾವಿರದ ಏಳುನೂರ ನಲವತ್ತು ಕೊಡಬೇಕು."

"ಮತ್ತೆ ಬ್ಯಾಂಕಿನೋರು...?" ರಹೀಂ ತಡವರಿಸಿದರು.

"ಬ್ಯಾಂಕು ಬರೆದದ್ದು ಬ್ಯಾಂಕಿನ ಪುಸ್ತಕ ನೋಡ್ಕೊಂಡು ಸಾಹೇಬ್ರೆ," ಎಂದಳು ಅನಸೂಯ. "ಅಲ್ಲಿ ನಿಮ್ಮ ಹೆಸರಿಗೆ ಡೆಬಿಟ್ ಬಾಕಿ ನಿಂತರೆ ನೀವು ಬ್ಯಾಂಕಿಗೆ ಸಾಲಗಾರರು. ಇದು ನಿಮ್ಮದೇ ಪುಸ್ತಕ. ಇಲ್ಲಿ ಯಾರ ಹೆಸರಿಗೆ ಡೆಬಿಟ್ ಬಾಕಿ ನಿಂತಿದೆಯೋ ಅವರು ನಿಮಗೆ ಸಾಲಗಾರರು. ಕ್ರೆಡಿಟ್ ಬಾಕಿ ನಿಂತಿದ್ರೆ ಆಗ ನೀವು ಕೊಡಬೇಕಿತ್ತು. ಪುಸ್ತಕ ಯಾರದು ಅಂತ ಮೊದಲು ನೋಡಬೇಕು."

ಅನಸೂಯ ಮುನಿರಾಜಪ್ಪನ ಕಡೆ ತಿರುಗಿದಳು. "ಹಣ ತಲುಪ್ತಾ ಅಂತ ಫೋನ್ ಬಂದಾಗ, ಯೋಗ್ಯನಾದವನು ‘ನಾನೇ ನಿಮಗೆ ಕೊಡಬೇಕಲ್ಲ’ ಅಂತಿದ್ದ. ನೀವು ಬಂದಿಲ್ಲ ಅಂದ್ರಿ. ನಿಮಗೆ ಬರಬೇಕಾದ್ದೇ ಇರಲಿಲ್ಲ! ಹೋಗಲಿ, ಲೆಕ್ಕ ಮರೆತಿತ್ತು ಅನ್ನೋಣ. ಆದರೆ ನಾಲ್ಕು ಸಾವಿರ ಅನ್ನೋ ಮೊತ್ತ ಈ ತಃಖ್ತೇಲಿಲ್ಲ, ಯಾವ ಖಾತೇಲೂ ಇಲ್ಲ. ಅದು ಇದ್ದದ್ದು ವಾಜಿದ್ ತಂದ ಕಟ್ಟಿನಲ್ಲಿ ಮಾತ್ರ. ಆ ಕಟ್ಟು ಬಿಚ್ಚಿ ಎಣಿಸದೆ ನಿಮಗೆ ಹೇಗೆ ಗೊತ್ತಾಯ್ತು?"

ಮುನಿರಾಜಪ್ಪ ಬಾಗಿಲ ಕಡೆ ನೋಡಿದ. ವೆಂಕಟಾಚಲ ಅಲ್ಲಿ ಅಡ್ಡ ನಿಂತಿದ್ದ.

"ತಾನಾಗೇ ಮನೆ ಬಾಗಿಲಿಗೆ ಬಂತು," ಅವನು ನೆಲ ನೋಡುತ್ತ ಗೊಣಗಿದ. "ರಸೀತಿನೂ ಕೊಟ್ಟಿರಲಿಲ್ಲ... ಬುದ್ಧಿ ಕೆಟ್ಟುಹೋಯ್ತು. ಬೀರುವಿನಲ್ಲೇ ಇದೆ. ಎಲ್ಲಾ ತಂದುಕೊಡ್ತೀನಿ, ಪೊಲೀಸು ಬೇಡ."

"ನೀವು ಮದುಮಗ ಅಂತ ಆಡಿಕೊಂಡ್ರಲ್ಲ, ಪೊಲೀಸು ಬೇಕೋ ಬೇಡವೋ ಅವನೇ ಹೇಳಲಿ," ಎಂದಳು ಅನಸೂಯ.

ಎಲ್ಲರೂ ವಾಜಿದನನ್ನು ನೋಡಿದರು. ಅವನು ಮುನಿರಾಜಪ್ಪನ ಕಡೆ ತಿರುಗಲೇ ಇಲ್ಲ. "ದುಡ್ಡು ಬಂದ್ರೆ ಸಾಕು. ಇವರು ಯಾರೋ ಹೊರಗಿನೋರು."

ಆ ಮಾತು ಯಾರಿಗೆ ತಾಗಬೇಕೋ ಅವರಿಗೆ ತಾಗಿತು. ರಹೀಂ ಗಲ್ಲಾದಿಂದ ಇಳಿದು ಬಂದರು. ಮಸೀದಿಯಿಂದ ಬಾಂಗು ಕೇಳಿಸಿತು. ಅವರು ಒಂದು ಖರ್ಜೂರವನ್ನು ವಾಜಿದನ ಮುಂದೆ ಹಿಡಿದರು.

"ತಪ್ಪಾಯ್ತು ಬೇಟಾ. ನಾಳೆಯಿಂದ ಗಲ್ಲಾದ ಬೀಗದ ಕೈ ನಿನ್ನ ಹತ್ರವೇ."

ವಾಜಿದ್ ಖರ್ಜೂರ ತೆಗೆದುಕೊಂಡ. ಬಾಯಿಗೆ ಹಾಕಿಕೊಂಡು ನಿಧಾನವಾಗಿ ನುಂಗಿದ.

"ನಾಳೆ ನಾನು ಬರಲ್ಲ ದುಲ್ಹೇಭಾಯಿ," ಎಂದು ಭಾವನಿಗೆ ಹೇಳಿದ. "ನಾಡಿದ್ದು ಬರ್ತೀನಿ. ಬರೀ ನನ್ನ ಮಾತು ನಂಬಿ ಒಂದು ದಿನ ನೀವು ಬಾಗಿಲಲ್ಲಿ ನಿಂತು, ಇವನು ಬರ್ತಾನೋ ಇಲ್ಲವೋ ಅಂತ ಕಾಯ್ರಿ."