ನಳಿಗೆಗೊಂದು ಮನೆ

ಬಹಳ ಹಿಂದೆ, ಕಲ್ಲಿಗೂ ಹಸಿವಾಗುತ್ತಿದ್ದ ಕಾಲದಲ್ಲಿ, ಕೆಂಬಾಗಿಲು ಎಂಬ ರಾಜ್ಯವಿತ್ತು. ಅದರ ಕೋಟೆಬಾಗಿಲಲ್ಲಿ ಒಂದು ಕಲ್ಲಿನ ಸಿಂಹ ನಿದ್ದೆ ಮಾಡುತ್ತಿತ್ತು. ದಿನವೂ ಹೊತ್ತು ಮುಳುಗುವ ಮುಂಚೆ ಅದರ ಕೇಸರಕ್ಕೂ ಗಂಟಲಿಗೂ ನಿದ್ದೆಸೊಪ್ಪಿನ ರಸ ಸಿಂಪಡಿಸಬೇಕು. ತಪ್ಪಿದರೆ ಅದು ದಿನಕ್ಕಷ್ಟು ಎಚ್ಚರವಾಗುತ್ತದೆ, ಮೂರನೆಯ ದಿನ ಏಳುತ್ತದೆ, ಎದ್ದರೆ ಊರನ್ನು ತಿನ್ನುತ್ತದೆ.

ಸಿಂಪಡಿಸುವವನು ಬೊಮ್ಮಾಚಾರಿ ಎಂಬ ಕಂಚುಗಾರರ ಯುವಕ. ಅವನ ತಾಮ್ರದ ಗಿಂಡಿಗೆ ಒಂದು ಪುಟ್ಟ ಮೂತಿ. ಒತ್ತಿದರೆ ತುಂತುರು ಹಾರುತ್ತಿತ್ತು. ಕೇಸರಕ್ಕೆ ಅಷ್ಟು ಸಾಕು. ಗಂಟಲಿಗೆ ಮಾತ್ರ, ಮೂತಿಗೆ ಹಂಸದ ಗರಿಯ ಸಣ್ಣ ನಳಿಗೆ ಸಿಕ್ಕಿಸಿ, ಹಲ್ಲುಗಳ ಸಂದಿಯಿಂದ ಒಳಗೆ ತೂರಿಸಬೇಕು. ಅಪ್ಪ ಸಾಯುವಾಗ ಬಿಟ್ಟುಹೋದದ್ದು ಮೂರು ನಳಿಗೆ. ಹಂಸಗಳು ಆ ರಾಜ್ಯ ಬಿಟ್ಟು ಎಷ್ಟೋ ಕಾಲವಾಗಿತ್ತು.

ಬೊಮ್ಮಾಚಾರಿಯ ಮನೆ ಕೋಟೆಬಾಗಿಲಿಗೆ ಅಂಟಿಕೊಂಡೇ ಇತ್ತು. ಮನೆಯಲ್ಲಿ ಅಕ್ಕ ಕಾಳಾಜಮ್ಮ. ಅವಳಿಗೆ ಒಂದು ಕಾಲು ಸ್ವಾಧೀನವಿರಲಿಲ್ಲ. ಸಿಂಹ ಎದ್ದರೆ ಊರಿನವರೆಲ್ಲ ಓಡಿಯಾರು, ಅಕ್ಕ ಓಡಲಾರಳು. ಅವನಿಗೆ ಹಗಲಿರುಳೂ ಇದೇ ಭಯ.

ಇಷ್ಟು ಭಯವಿದ್ದವನು ಜೋಪಾನವಾಗಿರಬೇಕಲ್ಲವೇ? ಎಲ್ಲಿಯ ಜೋಪಾನ! ನಳಿಗೆಯನ್ನು ಕಿವಿಯ ಸಂದಿಗೆ ಸಿಕ್ಕಿಸುವುದು, ಬಾಯಲ್ಲಿ ಕಚ್ಚುವುದು, ಸಿಂಹದ ಅಡಿಗಲ್ಲಿನ ಮೇಲೆ ಇಡುವುದು, ಆಮೇಲೆ ಹುಡುಕುವುದು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವ ಜಾತಿ ಅವನದು. ಕಸುಬಿನವರೆಲ್ಲ ಹಾಗೇ ಅನ್ನಿ.

ಊರಾಚೆಯ ಹುತ್ತದ ಗುಡ್ಡದಲ್ಲಿ ಗುಪ್ತಮಲ್ಲನೆಂಬ ಮಾಂತ್ರಿಕನಿದ್ದ. ಚಿಕ್ಕ ವಸ್ತುಗಳೆಂದರೆ ಅವನಿಗೆ ಪ್ರಾಣ. ಅವನೊಂದು ಹೆಗ್ಗಣಕ್ಕೆ ಮಂತ್ರ ಹಾಕಿ ಒಂದೇ ಕಟ್ಟಳೆ ಕಲಿಸಿದ್ದ: ಯಾರೇ ಆಗಲಿ, ಒಂದು ವಸ್ತುವನ್ನು ಸಿಕ್ಕಲ್ಲಿ ಇಟ್ಟು, “ಇಲ್ಲೇ ಎಲ್ಲೋ ಇಟ್ಟಿದ್ದೆ” ಅಂದರೆ ಸಾಕು, ಅದು ಹೆಗ್ಗಣದ ಪಾಲು. ಅಲ್ಲಿಯವರೆಗೆ ಬಟ್ಟೆಯ ಕೆಳಗೋ ಹೊಟ್ಟಿನ ನಡುವೆಯೋ ಇದ್ದ ವಸ್ತು ಆ ಮಾತು ಬಿದ್ದ ಕೂಡಲೇ ಮಾಯವಾಗುತ್ತಿತ್ತು. ಸಿಂಹ ಊರನ್ನೇ ತಿಂದರೆ ಅಲ್ಲಿನ ಚಿಲ್ಲರೆ ಸಾಮಾನೆಲ್ಲ ತನಗೇ ಎಂಬುದು ಗುಪ್ತಮಲ್ಲನ ದುರಾಸೆ.

ಒಂದು ಸಂಜೆ ಬೊಮ್ಮಾಚಾರಿ ನಳಿಗೆಯನ್ನು ಕಲ್ಲಿನ ಮೇಲಿಟ್ಟು ಕೇಸರಕ್ಕೆ ಸಿಂಪಡಿಸಿದ. ತಿರುಗಿ ನೋಡಿದರೆ ಕಾಣಲಿಲ್ಲ.

“ಅಯ್ಯೋ, ಇಲ್ಲೇ ಎಲ್ಲೋ ಇಟ್ಟಿದ್ದೆ!” ಅಂದ.

ಆಯಿತು, ಹೋಯಿತು. ಬೇರೆ ನಳಿಗೆ ತರುವಷ್ಟರಲ್ಲಿ ಹೊತ್ತು ಮುಳುಗಿತು. ಸಿಂಹ ಒಂದು ಕಣ್ಣು ತೆರೆಯಿತು.

ಮಾರನೆಯ ದಿನ ಅವನು ಜಾಣನಾದ. ಉಳಿದ ಎರಡರಲ್ಲಿ ಒಂದನ್ನು ಅಕ್ಕನ ಕೈಗೆ ಕೊಟ್ಟು, ಇನ್ನೊಂದನ್ನು ಪೇಟೆಯಲ್ಲಿದ್ದ ತನ್ನ ಅಂಗಡಿಯ ದೊಡ್ಡ ಪೆಟ್ಟಿಗೆಗೆ ಹಾಕಿ ಬೀಗ ಜಡಿದ. ಆ ಪೆಟ್ಟಿಗೆಯಲ್ಲಿ ತಿರುಪು, ಬಳೆ, ಮೊಳೆ, ಮುಚ್ಚಳ, ತಂತಿ, ಏನಿಲ್ಲ ಏನುಂಟು! ಸಂಜೆ ಎಲ್ಲವನ್ನೂ ನೆಲಕ್ಕೆ ಸುರಿದು ಕೆದಕಿದ. ಬೆವರು ಕಣ್ಣಿಗಿಳಿಯಿತು, ಬಾಯಿ ತಡೆಯಲಿಲ್ಲ.

“ಇಲ್ಲೇ ಎಲ್ಲೋ ಇಟ್ಟಿದ್ದೆನಲ್ಲಪ್ಪಾ!”

ಅದೂ ಹೋಯಿತು. ಅಕ್ಕನ ಹತ್ತಿರ ಓಡಿಬರುವಷ್ಟರಲ್ಲಿ ಕತ್ತಲಾಯಿತು. ಸಿಂಹ ಬಾಲ ಬಡಿಯಿತು. ಅವರ ಮನೆಯ ಗೋಡೆ ಬಿರುಕುಬಿಟ್ಟಿತು.

ಮೂರನೆಯ ದಿನ ಊರು ಗಂಟುಮೂಟೆ ಕಟ್ಟಿತು. ಬೊಮ್ಮಾಚಾರಿ ಅಕ್ಕನ ಕಾಲ ಬಳಿ ಕುಳಿತು ಅತ್ತುಬಿಟ್ಟ.

“ಅಕ್ಕಾ, ಇರೋದು ಇದೊಂದೇ. ನನ್ನ ಕೈಯನ್ನ ನಾನೇ ನಂಬಲಾರೆ. ಬಾ, ನಿನ್ನ ಹೊತ್ಕೊಂಡು ಹೋಗ್ತೀನಿ.”

“ಎಷ್ಟು ದೂರ ಹೊರ್ತೀಯೋ, ಹುಚ್ಚಪ್ಪ?” ಕಾಳಾಜಮ್ಮ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದಳು. “ಅಳೋದು ನಿಲ್ಸಿ ಇದನ್ನ ನೋಡು. ಈ ಸುಣ್ಣದ ಕರಡಿಗೆ ಅವ್ವನ ಕಾಲದ್ದು. ಬೆರಳ ತುದಿಯಷ್ಟಿಲ್ಲ. ಒಂದು ದಿನಾನಾದ್ರೂ ಕಳೆದಿದ್ದು ಕಂಡಿದ್ದೀಯಾ?”

“ಇಲ್ಲ.”

“ಯಾಕೆ ಹೇಳು? ಎಲೆಪೆಟ್ಟಿಗೆಗೇ ಸರಪಣಿ ಹಾಕಿದೆ. ಪೆಟ್ಟಿಗೆ ಎಲ್ಲಿರುತ್ತೋ ಇದೂ ಅಲ್ಲೇ. ನಿನ್ನ ನಳಿಗೆಗೆ ಮನೆ ಇಲ್ಲ ಕಣೋ, ಅದಕ್ಕೇ ಅಲೀತದೆ.”

ಬೊಮ್ಮಾಚಾರಿ ಕಣ್ಣೊರೆಸಿಕೊಂಡು ಕುಲುಮೆ ಹೊತ್ತಿಸಿದ. ಗಿಂಡಿಯ ಹೊಟ್ಟೆಗೇ ಪುಟ್ಟ ತಾಮ್ರದ ಬಳೆಗಳನ್ನು ಬೆಸೆದ: ನಳಿಗೆಗೆ ಒಂದು, ಮೂತಿ ಕಟ್ಟಿದರೆ ಚುಚ್ಚಿ ಬಿಡಿಸುವ ಸೂಜಿಗೆ ಇನ್ನೊಂದು. ಬಿಸಿ ಆರುವ ಮುಂಚೆಯೇ ಓಡಿದ.

ಸಿಂಹ ಆಗಲೇ ಮುಂಗಾಲು ಊರಿತ್ತು. ಹೊತ್ತು ಕೆಂಪಾಗಿ ಇಳಿಯುತ್ತಿತ್ತು. ನಳಿಗೆಯನ್ನು ಬಳೆಗೆ ಸಿಕ್ಕಿಸಿ ಕೇಸರಕ್ಕೆ ಸಿಂಪಡಿಸಿದ. ಹೆಗ್ಗಣ ಬಂದು ಮೂಸಿತು. ಮನೆಯಿದ್ದ ವಸ್ತುವನ್ನು ಅದು ಮುಟ್ಟುವಂತಿರಲಿಲ್ಲ, ಹಿಂದೆ ಸರಿಯಿತು.

ಇದನ್ನು ಕಂಡು ಗುಪ್ತಮಲ್ಲ ತಾನೇ ಮುದುಕನ ವೇಷದಲ್ಲಿ ಬಂದ. ಅವನ ಜೀವ ಒಂದು ನೀಲಿ ಮಣಿಯಲ್ಲಿತ್ತು, ಅದನ್ನು ಯಾವಾಗಲೂ ನಾಲಿಗೆಯಡಿ ಇಟ್ಟುಕೊಳ್ಳುತ್ತಿದ್ದ. ಬಾಯಲ್ಲಿ ಮಣಿಯಿದ್ದರೆ ಸವಿಮಾತು ಹೊರಡುವುದುಂಟೇ? ತೆಗೆದು ಪಕ್ಕದ ಕಟ್ಟೆಯ ಮೇಲಿಟ್ಟ.

ಅಷ್ಟರಲ್ಲಿ ಬೊಮ್ಮಾಚಾರಿ ನಳಿಗೆಯನ್ನು ಮೂತಿಗೆ ಹಾಕಿ, ಹಲ್ಲುಗಳ ನಡುವೆ ತೂರಿಸಿ ಒತ್ತಿದ್ದ. ಒಂದು ಹನಿಯೂ ಬರಲಿಲ್ಲ. ಮೂತಿ ಕಟ್ಟಿತ್ತು! ಸಿಂಹದ ಬಿಸಿ ಉಸಿರು ಅವನ ಮುಖಕ್ಕೆ ರಾಚಿತು.

“ತಮ್ಮಾ, ನಳಿಗೆ ತೆಗೆದು ಇಲ್ಲೇ ಕಲ್ಲ ಮೇಲಿಡಪ್ಪ, ಎರಡು ಕೈಯಲ್ಲಿ ಮೂತಿ ಬಿಡಿಸು. ನಾನು ನೋಡ್ಕೋತೀನಿ,” ಅಂದ ಮುದುಕ.

ಬೊಮ್ಮಾಚಾರಿ ನಳಿಗೆ ಕಿತ್ತ. ಹಳೆಯ ಚಾಳಿ ಸುಮ್ಮನಿರುತ್ತದೆಯೇ? ಕೈ ತಾನಾಗಿ ಕಿವಿಯ ಕಡೆಗೆ ಹೋಯಿತು. ಇನ್ನೇನು ಸಿಕ್ಕಿಸಬೇಕು, ಹಿಂದಿನಿಂದ ಅಕ್ಕನ ಕೂಗು ಕೇಳಿತು. ಅವಳು ಕೋಲೂರಿಕೊಂಡು ಬಾಗಿಲಿಗೆ ಬಂದು ನಿಂತಿದ್ದಳು.

“ಮನೇಗೆ ಸೇರ್ಸೋ!”

ಕೈ ತಿರುಗಿತು. ನಳಿಗೆ ಬಳೆಗೆ ಹೋಯಿತು. ಸೂಜಿ ಬಂತು, ಮೂತಿ ಚುಚ್ಚಿತು, ತನ್ನ ಬಳೆಗೆ ಮರಳಿತು. ನಳಿಗೆ ಮತ್ತೆ ಮೂತಿಗೇರಿತು.

ಸಿಂಹ ಗರ್ಜಿಸಿತು. ನೆಲ ನಡುಗಿ ಕಟ್ಟೆಯ ಮೇಲೆ ಮಣ್ಣುದುರಿತು. ಹೆದರಿದ ಗುಪ್ತಮಲ್ಲ ಮಣಿಗಾಗಿ ತಡಕಾಡಿದ. ಕೈಗೆ ಸಿಗಲಿಲ್ಲ.

“ನನ್ನ ಮಣಿ! ಇಲ್ಲೇ ಎಲ್ಲೋ ಇಟ್ಟಿದ್ದೆ!”

ಹೆಗ್ಗಣಕ್ಕೆ ಒಡೆಯನೂ ಒಂದೇ, ಊರಿನವನೂ ಒಂದೇ. ಮಣ್ಣಿನಿಂದ ಮಣಿಯನ್ನು ಹೆಕ್ಕಿ ಕಚ್ಚಿಕೊಂಡು ಬಿಲಕ್ಕೆ ನುಗ್ಗಿತು. ಜೀವ ಪಾತಾಳಕ್ಕೆ ಹೋದಮೇಲೆ ಮೈ ಎಷ್ಟು ಹೊತ್ತು ನಿಂತೀತು? ಮಾಂತ್ರಿಕ ಹೊಗೆಯಾದ.

ಬೊಮ್ಮಾಚಾರಿ ಒತ್ತಿದ. ತುಂತುರು ಗಂಟಲಿಗೆ ಇಳಿಯಿತು. ಸಿಂಹ ಆಕಳಿಸಿ, ಮುಂಗಾಲು ಮಡಿಸಿ, ತಲೆಯಿಟ್ಟು ಮಲಗಿತು. ಆಗ ಹೊತ್ತು ಮುಳುಗಿತು.

ಹುತ್ತದ ಗುಡ್ಡ ಬಿರಿದು, ತಲೆಮಾರುಗಳಿಂದ ಕಳೆದಿದ್ದ ಮುಚ್ಚಳ, ಸೂಜಿ, ಮೂಗುಬೊಟ್ಟಿನ ತಿರುಪುಗಳೆಲ್ಲ ಹೊರಬಂದವು. ಜೊತೆಗೆ ಎರಡು ನಳಿಗೆಯೂ ಬಂದವು. ಜನ ಗಂಟುಮೂಟೆ ಬಿಚ್ಚಿ, ಮೊದಲು ಒಂದೊಂದಕ್ಕೂ ಒಂದು ಜಾಗ ಮಾಡಿದರು, ಆಮೇಲೆ ಉಂಡರು. ಅಂದಿನಿಂದ ಆ ರಾಜ್ಯದಲ್ಲಿ ಬಳೆಯಿಲ್ಲದ ಗಿಂಡಿಯನ್ನು ಯಾರೂ ಮಾಡಲಿಲ್ಲ, ಎಲ್ಲರೂ ನೆಮ್ಮದಿಯಾಗಿ ಬಾಳಿದರು.

ಕಾಳಾಜಮ್ಮ ಮಾತ್ರ ದಿನವೂ ಸಂಜೆ ಸಿಂಹದ ಪಕ್ಕದಲ್ಲೇ ಕುಳಿತು ಎಲೆ ಹಾಕಿಕೊಳ್ಳುತ್ತಿದ್ದಳು. ಓಡುವ ಪ್ರಸಂಗ ಅವಳಿಗೆ ಕೊನೆಯವರೆಗೂ ಬರಲಿಲ್ಲ.